ಸಿಗ್ನಲ್ ಎಂಬತ್ತೇಳು

ಮುಂಜಾನೆಯಿಂದ ಹದಿನಾಲ್ಕು ಕಂಪ್ಲೇಂಟು,
ಹದಿನಾಲ್ಕೂ ಒಂದೇ ಚಾನೆಲ್ಲಿಂದು.
ಝುವಾರಿನಗರದ ದಿನ್ನಿ ಹತ್ತೂತನಕ
ಬೆನ್ನಿನ ಚೀಲದಾಗ ಸ್ಪ್ಯಾನರ್ ಕುಣಿತಾವ,
ಗೊಬ್ಬರದ ಫ್ಯಾಕ್ಟರಿ ವಾಸನಿ ಮೂಗಿಗೆ ಬಡಿತೈತಿ.
ತಗಡಿನ ಮ್ಯಾಲ ಸಾಲಾಗಿ ಬುಟ್ಟಿ,
ಎಲ್ಲಾ ಒಂದ ಕಡೆ ಮಾರಿ ಮಾಡಿ
ನಮಾಜಿಗೆ ನಿಂತಂಗ.

ಫಕೀರವ್ವ ಕೆಳಗ, ಕೈ ಹಣಿಗೆ ಹಚ್ಚಿ:
"ದಾವಲಾ, ಇನ್ನೊಂಚೂರು ನಮ್ಮೂರ ಕಡೆ ತಿರುವೊ.
ಗಾಳಿಗೆ ಸರದೈತಿ ಅದು."
ಗಾಳಿಗೆ ಸರದಿಲ್ಲ.
ಮೀಟರ್ ಹಚ್ಚಿ ನೋಡೇನಿ, ಎಂಬತ್ತೇಳು.
ಇಷ್ಟು ಚೊಲೋ ಸಿಗ್ನಲ್
ಪಣಜಿಯ ಸಾಹೇಬ್ರ ಮನ್ಯಾಗೂ ಇರಲಿಕ್ಕಿಲ್ಲ.
ಆದ್ರೂ ನಟ್ಟು ಸಡಲ ಮಾಡಿ, ಅರ್ಧ ಬಟ್ಟು ತಿರುವಿ,
ಮೊದಲಿದ್ದಲ್ಲೇ ತಂದು ಬಿಗಿದೆ.
ಕೆಳಗ ನಿಂತಾಕಿಗೆ ಕೆಲಸ ಕಾಣಬೇಕಲ್ಲ.

ಒಳಗ ನೀಲಿ ಪರದೆ, ಇಂಗ್ಲಿಷಿನ ನಾಕು ಸಾಲು.
ಓದಿ ಹೇಳು, ಅಂದ್ಲು.
ಚಾನೆಲ್ಲಿನವರು ಹೆಚ್ಚು ರೊಕ್ಕ ಕೇಳ್ಯಾರ,
ನಿಮ್ಮ ಹಿತಕ್ಕಾಗಿ ನಾವು ಒಪ್ಪಿಲ್ಲ,
ಅಂತ ಕಂಪನಿ ಬರದಿತ್ತು.
ಅದಕ್ಕೂ ಮೊದಲ ಅದ ಚಾನೆಲ್ಲಿನ ಕೆಳಗ ಓಡೂ ಪಟ್ಟಿ:
ನಿಮ್ಮ ಕಂಪನಿ ನಮ್ಮನ್ನ ಕಿತ್ತೊಗಿಯಾಕ ಹೊಂಟೈತಿ,
ನಿಮ್ಮ ಹಿತಕ್ಕಾಗಿ ಈ ನಂಬರಿಗೆ ಮಿಸ್ಡ್ ಕಾಲ್ ಕೊಡ್ರಿ.
ಆಕಿ ಕೊಟ್ಟಿದ್ಲು. ಮೂರು ಸಲ.
"ಇಬ್ಬರಿಗೂ ನನ್ನ ಹಿತಾನ ಬೇಕಂದ್ರ
ಜಗಳ ಯಾತರದ್ದೊ?"

ವಾಸ್ಕೋದ ಹೋಟೆಲಿನಾಗ ಮುನ್ನೂರು ತಾಟು ತಿಕ್ಕಿ
ಏಳಕ್ಕ ಮನಿಗೆ ಬಂದು
ಏಳೂವರಿಗೆ ಕಾಲು ಚಾಚೂ ಹೆಂಗಸು.
ಆ ಅರ್ಧ ತಾಸಿಗೆ ತಿಂಗಳಿಗೆ ಹನ್ನೆರಡು ರೂಪಾಯಿ,
ಈ ತಿಂಗಳದ್ದು ಒಂದನೇ ತಾರೀಖಿಗೇ ಕೊಯ್ದಾರ.
ಧಾರಾವಾಹಿ ಸೊಸಿ ಕಟಕಟಿ ಹತ್ತಿ
ಸಾಕ್ಷಿ ಹೇಳಾಕ ಬಾಯಿ ತಗದಿದ್ಲು,
ಅಷ್ಟರಾಗ ನೀಲಿ ಬಂತು.
ಹತ್ತೊಂಬತ್ತು ದಿನದಿಂದ ಬಾಯಿ ತಗದ ನಿಂತಾಳ.

ಫಾರ್ಮಿನ್ಯಾಗ ಬರದೆ: ಸಿಗ್ನಲ್ ಸರಿ.
ಗಿರಾಕಿ ಸಮಾಧಾನ, ಆ ಖಾನಿಗೂ ಟಿಕ್.
ಅದು ಹಾಕದಿದ್ರ ನನ್ನ ಐವತ್ತು ರೂಪಾಯಿ ಬರಂಗಿಲ್ಲ.

ಮರುದಿನ ಸಂಜಿ ಅದ ಓಣಿ ಹಾದು ಬರೂವಾಗ
ಕೋರ್ಟಿನ ಗಂಟಿ ಕೇಳಿತು.
ಬಾಗಲಾಗ ಹಣಿಕಿ ಹಾಕಿದೆ.
ಕೆಂಪು ಬಕೀಟು ಡಬ್ಬ ಹಾಕ್ಯಾರ,
ಅದರ ಮ್ಯಾಲ ಮೊಬೈಲು, ಸುತ್ತ ಹನ್ನೊಂದು ಮಂದಿ.
ಅತ್ತ ಲಕ್ಷ್ಮೇಶ್ವರದಾಗ ತಂಗಿ ಕೆಂಚವ್ವ
ಟೀವಿ ಮುಂದ ಫೋನು ಹಿಡದಾಳ.
ಸಾಕ್ಷಿ ಬಂತು. ಸಾಬಾಣದ ಜಾಹೀರಾತೂ ಬಂತು,
ಯಾರೂ ಏಳಲಿಲ್ಲ.
ನಡುನಡುವ ಕೆಂಚವ್ವ:
"ಅತ್ತಿ ಸೆರಗು ಕಚ್ಚಿಕೊಂಡ್ಲು ನೋಡಕ್ಕ.
ಹಸರು ಸೀರಿ, ನಿನ್ನ ಮದವಿದ್ದಂಥಾದ್ದು.
ಜಡ್ಜ್ ಥೇಟ್ ನಮ್ಮ ಸಾಲಿ ಮಾಸ್ತರ,
ಮೂಗಿನ್ಯಾಗ ಬಟ್ಟು ಒಂದ ಇಲ್ಲ."
ಹನ್ನೊಂದು ಮಂದಿ ಬಕೀಟು ನೋಡಿ ನಕ್ಕರು.
ನಾನೂ.

ಇಪ್ಪತ್ತಾರನೇ ದಿನ ಮುಂಬೈದ ಯಾವುದೋ ಆಫೀಸಿನಾಗ
ಕೈಗೆ ಕೈ ಕೂಡಿದ್ವಂತ.
ನಡುರಾತ್ರಿ ನೀಲಿ ಹೋಗಿ ಬಣ್ಣ ಬಂತು.
ಹನ್ನೆರಡಿದ್ದದ್ದು ಹದಿನೆಂಟಾತು.
ಹೋದ ದಿನದ ರೊಕ್ಕದ ಸುದ್ದಿ ಯಾರೂ ತಗಿಲಿಲ್ಲ.
ಆಫೀಸಿನಿಂದ ಮೆಸೇಜು:
ಹಳೇ ಕಂಪ್ಲೇಂಟು ಎಲ್ಲಾ ಬಗಿಹರದಾವ.

ನಿನ್ನೆ ಫಕೀರವ್ವ ಮತ್ತ ಕರದ್ಲು.
ಹೋಗಿ ನೋಡಿದ್ರ ಚಿತ್ರ ಚೊಲೋ, ದನಿ ಚೊಲೋ,
ಮೀಟರಿನ್ಯಾಗ ಅದ ಎಂಬತ್ತೇಳು.
ರಿಮೋಟು ನನ್ನ ಕೈಯಾಗಿಟ್ಟು,
"ದನಿ ಅಷ್ಟ ಬಂದ್ ಮಾಡೂ ಗುಂಡಿ
ಯಾವುದೊ ಇದರಾಗ?" ಅಂದ್ಲು.
ಬಕೀಟು ಆಗಲೇ ಡಬ್ಬ ಬಿದ್ದಿತ್ತು,
ಫೋನಿನಾಗ ಕೆಂಚವ್ವ ಕೆಮ್ಮಿ ದನಿ ಸರಿ ಮಾಡ್ಕೊಳ್ಳಾಕತ್ತಿದ್ಲು.

ಗುಂಡಿ ತೋರಿಸಿದೆ.
ಫಾರ್ಮಿನ್ಯಾಗ ಇದಕ್ಕೊಂದು ಖಾನಿ ಹುಡುಕಿದೆ.
ಚಾ ಕೊಟ್ಟರು, ಕುಡಿದು ಇಳಿದೆ.